ಮುಕರ್ರಂ ಸರ್ ಅವರ ಬಿಸ್ಮಿಲ್ಲಾ ಸಾಲುಗಳು

ರಾಯಚೂರಿನ ತೀನ್ ಕಂದೀಲ್ ಹತ್ತಿರ, ಪಾತ್ರೆ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಆಫೀಸು. ಆಫೀಸು ಅಂದರೆ ಎರಡು ಕಂಪ್ಯೂಟರು, ಒಂದು ಕೂಲರು, ಗೋಡೆಗೆ ಒಂದು ಕ್ಯಾಲೆಂಡರು, ಮತ್ತು ಮುಕರ್ರಂ ಸರ್. ಈ ಎಲ್ಲದರಲ್ಲಿ ಹೇಳಿದ ಮಾತು ಕೇಳುವುದು ಕೂಲರೊಂದೇ.

ಮುಕರ್ರಂ ಸರ್ ಕಾಟಾಗಳಿಗೆ ಪ್ರೋಗ್ರಾಂ ಬರೆಯುವವರು. ಕಾಟಾ ಅಂದರೆ ಹತ್ತಿ, ಭತ್ತ ತುಂಬಿದ ಲಾರಿ, ಟ್ರ್ಯಾಕ್ಟರುಗಳನ್ನು ಮಾಲಿನ ಸಮೇತ ನಿಲ್ಲಿಸಿ ತೂಗುವ ಕಟ್ಟೆ. ನಮ್ಮ ಕಡೆ ದೊಡ್ಡ ಊರಿಗೊಂದಾದರೂ ಇರುತ್ತದೆ. ಗಾಡಿ ಕಟ್ಟೆ ಹತ್ತಿದ ಕೂಡಲೇ ತೂಕ ಓದಿ, ರೈತನ ಹೆಸರು ಹಾಕಿ, ಕನ್ನಡದಲ್ಲಿ ಚೀಟಿ ಹೊರಡಿಸುವುದು ಸರ್ ಬರೆದ ಪ್ರೋಗ್ರಾಮಿನ ಕೆಲಸ. ಅದನ್ನು ಅವರು ಪರ್ಲ್ ಎಂಬ ಭಾಷೆಯಲ್ಲಿ ಬರೆಯುತ್ತಾರೆ. ಅವರ ಜೊತೆಯವರೆಲ್ಲ ಆಮೇಲೆ ಬಂದ ಬೇರೆ ಬೇರೆ ಭಾಷೆ ಕಲಿತರು. ಸರ್ ಮಾತ್ರ ಕಾಲೇಜಿನ ದಿನಗಳಲ್ಲಿ ಹೈದರಾಬಾದಿನ ಆಬಿಡ್ಸ್ ಫುಟ್‌ಪಾತಿನಲ್ಲಿ ಸಿಕ್ಕ ಒಂದು ದಪ್ಪ ಪುಸ್ತಕದಿಂದ ಪರ್ಲ್ ಕಲಿತು, ಅಲ್ಲೇ ಬಿಡಾರ ಹೂಡಿದರು. ಆ ಪುಸ್ತಕದ ರಟ್ಟು ಹರಿದು, ಮೊದಲ ಪುಟಗಳು ಉದುರಿ ಎಷ್ಟೋ ವರ್ಷವಾಯಿತು. ಅವುಗಳಲ್ಲಿ ಏನಿತ್ತು ಎಂದು ಕೇಳಿದರೆ, "ಅವು ನನಗ ಬಾಯಿಪಾಠ ಅದಾವ" ಎನ್ನುತ್ತಾರೆ.

ನಾನು ಲಲಿತಾ. ಯಾಪಲದಿನ್ನಿಯ ಕುರಿ ಸಾಕುವ ಮನೆತನದವಳು. ಡಿಪ್ಲೊಮಾ ಮುಗಿಸಿ ಟೈಪಿಂಗ್ ಕೆಲಸಕ್ಕೆಂದು ಈ ಮಹಡಿ ಹತ್ತಿದವಳು ಇಲ್ಲೇ ಉಳಿದುಬಿಟ್ಟೆ. ನನಗೆ ಪರ್ಲ್ ಕಲಿಸಿದವರು ಸರ್. ಅವರನ್ನು ಬೈಯುವ ಹಕ್ಕು ನನಗೆ ಹೇಗೆ ಬಂತು ಎಂದು ಯಾರಾದರೂ ಕೇಳಿದರೆ, ಬೇರೆ ಯಾರೂ ಬೈಯದ ಕಾರಣ ಬಂತು ಎಂದಷ್ಟೇ ಹೇಳಬಲ್ಲೆ.

ಸರ್ ಬರೆದ ಯಾವ ಪ್ರೋಗ್ರಾಂ ತೆರೆದರೂ ಮೇಲ್ಗಡೆ ಒಂದಿಷ್ಟು ಸಾಲುಗಳು ಒಂದೇ ಥರ ಇರುತ್ತವೆ. ಕಟ್ಟುನಿಟ್ಟಾಗಿ ಓದು ಎನ್ನುವ ಸಾಲು, ತಪ್ಪು ಕಂಡರೆ ಎಚ್ಚರಿಸು ಎನ್ನುವ ಸಾಲು, ಕನ್ನಡ ಅಕ್ಷರ ಕೆಡದಂತೆ ನೋಡಿಕೋ ಎನ್ನುವ ಸಾಲು, ತಾರೀಖು ಹೇಗೆ ಬರೆಯಬೇಕು, ಪ್ರಿಂಟರು ಯಾವುದು, ಹೀಗೆ. ಊಟಕ್ಕೆ ಮೊದಲು ದೇವರ ಹೆಸರೆತ್ತಿ ಬಿಸ್ಮಿಲ್ಲಾ ಹೇಳುವ ಹಾಗೆ ಪ್ರತಿ ಪ್ರೋಗ್ರಾಮಿನ ಮೊದಲು ಇವು ಬರಬೇಕು. ಅದಕ್ಕೇ ಆಫೀಸಿನಲ್ಲಿ ಇವಕ್ಕೆ ಬಿಸ್ಮಿಲ್ಲಾ ಸಾಲು ಎಂದು ಹೆಸರು. ಸರ್ ಇವನ್ನು ಪ್ರತಿ ಸಲವೂ ಹೊಸದಾಗಿ ಟೈಪ್ ಮಾಡುತ್ತಿದ್ದರು. ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಅಂಟಿಸುವುದು ಕೂಡ ಅವರ ಪಾಲಿಗೆ ಸೋಮಾರಿತನ.

"ಒಂದು ಫೈಲಿನಾಗ ಬರದಿಟ್ಟು, ಎಲ್ಲಾ ಪ್ರೋಗ್ರಾಂ ಅದನ್ನ ಕರಕೊಂಡ್ರ ಆಗೂದಿಲ್ಲೇನ್ರೀ ಸರ್?" ಎಂದು ನಾನು ಕೇಳದ ವರ್ಷವಿಲ್ಲ.

"ಬಿಸ್ಮಿಲ್ಲಾ ಒಬ್ರು ಹೇಳಿ ಊರ ಮಂದಿಯೆಲ್ಲಾ ಉಣ್ಣಾಕ ಬರ್ತದೇನವಾ? ಅವರವರ ಬಾಯಿಲೆ ಅವರೇ ಹೇಳ್ಬೇಕು" ಎಂದು ಅವರು ಉತ್ತರ ಕೊಡದ ವರ್ಷವೂ ಇಲ್ಲ. ವಾದದಲ್ಲಿ ಗೆದ್ದೆ ಅನ್ನಿಸಿದಾಗ ಅವರು ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸುತ್ತಾರೆ. ಆಮೇಲೆ ಅದನ್ನು ಟೇಬಲ್ಲಿನ ಮೇಲೆಲ್ಲ ಹುಡುಕುತ್ತಾರೆ.

ಇದರ ಫಲ ಏನೆಂದರೆ, ಯಾವ ಎರಡು ಕಾಟಾದ ಬಿಸ್ಮಿಲ್ಲಾವೂ ಒಂದೇ ಆಗಿರಲಿಲ್ಲ. ಬಾಗಲವಾಡದ್ದರಲ್ಲಿ ಎಚ್ಚರಿಕೆಯ ಸಾಲೇ ಇಲ್ಲ. ಅದನ್ನು ಬರೆಯುವ ಹೊತ್ತಿಗೆ ಕರೆಂಟ್ ಹೋಗಿತ್ತಂತೆ. ಮಾನ್ವಿಯದರಲ್ಲಿ ಅದೇ ಸಾಲು ಎರಡು ಸಲ ಇದೆ. ಕರೆಂಟ್ ಬಂದ ಖುಷಿಗೆ ಇರಬೇಕು. ಚೀಟಿಯಲ್ಲಿ ಒಂದು ಗೆರೆ ಬದಲಿಸಬೇಕೆಂದರೂ ಸರ್ ಲ್ಯಾಪ್‌ಟಾಪನ್ನು ಹೆಗಲಿಗೆ ಹಾಕಿಕೊಂಡು ಸ್ಕೂಟರಿನಲ್ಲಿ ಮಾನ್ವಿ, ದೇವದುರ್ಗ ತಾಲೂಕುಗಳನ್ನೆಲ್ಲ ಸುತ್ತಿ ಬರಬೇಕು. ಯಾವ ಊರಿನಲ್ಲಿ ಏನು ಬಿಟ್ಟಿದ್ದಾರೆ, ಏನು ಸೇರಿಸಿದ್ದಾರೆ ಎಂಬುದು ಅವರ ತಲೆಯಲ್ಲಿ ಮಾತ್ರ ಇದ್ದುದರಿಂದ ನಾನು ಹೋಗಿಯೂ ಪ್ರಯೋಜನವಿರಲಿಲ್ಲ.

ಇದೆಲ್ಲ ನಗುವ ವಿಷಯವಾಗಿಯೇ ಉಳಿಯುತ್ತಿತ್ತು, ಅವರ ತಾಯಿ ಸುಗ್ರಾ ಬೇಗಂ ಇಲ್ಲದಿದ್ದರೆ.

ಸುಗ್ರಾ ಬೇಗಂ ಅವರಿಗೆ ಮಗನ ಜೊತೆ ಉಮ್ರಾಕ್ಕೆ ಹೋಗಬೇಕು, ಮಕ್ಕಾ ಮದೀನಾ ಕಣ್ಣಾರೆ ನೋಡಬೇಕು ಎಂಬ ಆಸೆ. ಬೇರೆ ಯಾರ ಜೊತೆಗೂ ಅಲ್ಲ, ಮಗನ ಜೊತೆಗೇ. ಸರ್ ಇಲ್ಲ ಎಂದವರಲ್ಲ. ಹತ್ತಿ ಸುಗ್ಗಿ ಮುಗಿಯಲಿ ಎಂದರು, ಅಷ್ಟರಲ್ಲಿ ಭತ್ತ ಬಂತು. ಭತ್ತ ಮುಗಿಯಲಿ ಎಂದರು, ಮಳೆಗೆ ಮಾನ್ವಿಯ ಕಂಪ್ಯೂಟರ್ ಕೆಟ್ಟಿತು. ಹೀಗೆ ವರ್ಷಗಳು ಹೋದವು. ಅಮ್ಮನ ಮೊಣಕಾಲು ಯಾರ ಸುಗ್ಗಿಗೂ ಕಾಯಲಿಲ್ಲ. ಮೊದಲು ಮಸೀದಿ ಓಣಿಯವರೆಗೆ ನಡೆಯುತ್ತಿದ್ದವರು ಆಮೇಲೆ ಬಾಗಿಲವರೆಗೆ ನಡೆಯತೊಡಗಿದರು.

ಹೋದ ಬೇಸಿಗೆಯಲ್ಲಿ ಒಂದು ದಿನ ಆ ಮೊಣಕಾಲಿನಲ್ಲೇ ಅವರು ನಮ್ಮ ಮಹಡಿ ಹತ್ತಿ ಬಂದರು. ಜೊತೆಗೆ ಮಗಳು ವಾಹಿದಾ. ಸೀದಾ ಹೋಗಿ ಸರ್ ಅವರ ಕುರ್ಚಿಯಲ್ಲಿ ಕುಳಿತು, ಉಸಿರು ಒಂದು ಹದಕ್ಕೆ ಬರುವವರೆಗೆ ಕೂಲರಿಗೆ ಮುಖ ಕೊಟ್ಟರು. ಮನೆಯಲ್ಲಿ ಅವರದು ದಖನಿ ಉರ್ದು. ಎದುರಿಗೆ ನಾನಿದ್ದರೆ ಮಗನನ್ನು ಬೈಯುವುದೂ ಕನ್ನಡದಲ್ಲೇ, ನನಗೆ ತಿಳಿಯಲಿ ಎಂದು.

"ನೀ ಯಾಕ ಬರಾಕಾಗೂದಿಲ್ಲ ಅಂತ ನನಗ ತಿಳಿಸಿ ಹೇಳು, ಬೇಟಾ. ನಾ ಓದಿದಾಕಿ ಅಲ್ಲ. ನಿಧಾನಕ ಹೇಳು."

ಸರ್ ನಿಧಾನಕ್ಕೇ ಹೇಳಿದರು. ಪ್ರತಿ ಪ್ರೋಗ್ರಾಂ ಬೇರೆ, ಪ್ರತಿಯೊಂದರ ತಲೆಯ ಸಾಲು ಬೇರೆ, ಕೆಟ್ಟರೆ ತಾನೇ ಹೋಗಬೇಕು. ಅಮ್ಮ ಎಲ್ಲ ಕೇಳಿಸಿಕೊಂಡರು.

"ನಾ ವರ್ಷದ ಖಾರ ಒಮ್ಮೆ ಕುಟ್ಟಿಸಿ ಡಬ್ಬಿ ತುಂಬಿಸ್ತೀನಿ. ದಾಲ್ಚಾ ಮಾಡ್ಲಿ, ಬ್ಯಾಳಿ ಮಾಡ್ಲಿ, ಅದೇ ಡಬ್ಬಿ. ನಾ ಊರಿಗೆ ಹೋದ್ರ ವಾಹಿದಾ ಅದೇ ಡಬ್ಬಿ ತಗದು ಅಡಗಿ ಮಾಡ್ತಾಳ. ನೀ ಸಾರಿಗೊಮ್ಮೆ ಮೆಣಸಿನಕಾಯಿ ಒಣಗಸಾಕ ಕುಂತೀಯೇನು?"

ನಾನು ಇಷ್ಟು ವರ್ಷ ಕಂಪ್ಯೂಟರಿನ ಭಾಷೆಯಲ್ಲಿ ಹೇಳಿದ್ದನ್ನು ಅವರು ಮೆಣಸಿನಕಾಯಿಯ ಭಾಷೆಯಲ್ಲಿ ಹೇಳಿದರು. ಸರ್ ಕನ್ನಡಕ ಹಣೆಗೆ ಏರಿಸಲಿಲ್ಲ. ಅಂದರೆ ಸೋತರು.

ಹೀಗೆ ಆ ಒಂದು ಫೈಲು ಹುಟ್ಟಿತು. ಅದರ ಹೆಸರೂ ಬಿಸ್ಮಿಲ್ಲಾ. ಸುಲಭಕ್ಕೆ ಹುಟ್ಟಲಿಲ್ಲ. ಪರ್ಲಿನಲ್ಲಿ ಒಂದು ಕಿರಿಕಿರಿ ಇದೆ: ಕಟ್ಟುನಿಟ್ಟಿನ ಸಾಲನ್ನು ಹೊಸ ಫೈಲಿನಲ್ಲಿ ಬರೆದಿಟ್ಟರೆ ಅದು ಆ ಫೈಲಿಗೆ ಮಾತ್ರ ನಡೆಯುತ್ತದೆ, ಕರೆದವರ ಹೊಸ್ತಿಲು ದಾಟುವುದಿಲ್ಲ. ಇಂಪೋರ್ಟ್ ಎಂಬ ತುಣುಕಿನೊಳಗೆ, ನನ್ನನ್ನು ಕರೆದ ಪ್ರೋಗ್ರಾಮಿಗೂ ಇದನ್ನು ಹಚ್ಚು ಎಂದು ಬಿಡಿಸಿ ಹೇಳಬೇಕು. ಸರ್ ಇದಕ್ಕೆ ಹರಕು ಪುಸ್ತಕದ ಮುಂದೆ ಬಹಳ ದಿನ ತಲೆ ಕೆಡಿಸಿಕೊಂಡರು. ಉತ್ತರ ಬಹುಶಃ ಉದುರಿದ ಪುಟಗಳಲ್ಲೇ ಇತ್ತು.

ಕೊನೆಗೆ ಸಾಧಿಸಿದರು. ಪ್ರತಿ ಪ್ರೋಗ್ರಾಮಿನ ತಲೆಯ ಮೇಲೆ ಈಗ ಒಂದೇ ಸಾಲು, ಯೂಸ್ ಬಿಸ್ಮಿಲ್ಲಾ. ಕಾಟಾದ ಕಂಪ್ಯೂಟರು ಆರಿಸಿ ಹಚ್ಚಿದಾಗಲೆಲ್ಲ ನಮ್ಮ ಆಫೀಸಿನಿಂದ ಆ ಫೈಲನ್ನೂ ತನ್ನ ಊರಿನ ಪ್ರೋಗ್ರಾಮನ್ನೂ ಹೊಸದಾಗಿ ಇಳಿಸಿಕೊಳ್ಳುತ್ತದೆ. ಇಲ್ಲಿ ಒಂದು ಸಾಲು ತಿದ್ದಿದರೆ ಎಲ್ಲ ಊರಲ್ಲೂ ತಿದ್ದಿದ ಹಾಗೆ. ಸರ್ ಮುಖದಲ್ಲಿ ಅಂಥ ಕಳೆ ನಾನು ಕಂಡಿರಲಿಲ್ಲ. ಇದನ್ನು ತಾವೇ ಮೊದಲು ಯೋಚಿಸಿದ್ದು ಎಂಬಂತೆ ನನಗೇ ವಿವರಿಸಿದರು, ಎರಡು ಸಲ. ಉಮ್ರಾದ ಟಿಕೆಟ್ಟೂ ಬುಕ್ಕಾಯಿತು. ನವೆಂಬರಿನ ಒಂದು ಭಾನುವಾರ ಹೈದರಾಬಾದಿನಿಂದ ವಿಮಾನ.

ಆದರೆ ಹೊಸದಾಗಿ ದಾರಿ ಕಂಡವರ ಉತ್ಸಾಹ ಕೆಟ್ಟದ್ದು. ಯಾವ ಫೈಲನ್ನೂ ನಂಬದಿದ್ದ ಸರ್ ಈಗ ಎಲ್ಲವನ್ನೂ ಆ ಒಂದರಲ್ಲೇ ತುಂಬಿದರು. ಇಲ್ಲಿ ಎರಡು ಕಾಟಾಗಳ ವಿಷಯ ಹೇಳಬೇಕು.

ಮಾನ್ವಿಯಲ್ಲಿ ಸತ್ತಾರ್ ಸಾಬ್ ಅವರ ಕಾಟಾ. ಶುಕ್ರವಾರ ಮಧ್ಯಾಹ್ನ ಅವರು ಮಸೀದಿಗೆ ಹೋದರೆ ಆಳುಗಳು ತೂಗುತ್ತಲೇ ಇರುತ್ತಿದ್ದರು. ಅದು ಅವರಿಗೆ ಹಿಡಿಸದೆ, ಆ ಒಂದು ತಾಸು ಮಿಷಿನ್ನೇ ತೂಗದ ಹಾಗೆ ಮಾಡು ಎಂದು ಸರ್‌ಗೆ ಹೇಳಿದ್ದರು. ದೇವದುರ್ಗ ತಾಲೂಕಿನ ಮಸರಕಲ್ಲಿನಲ್ಲಿ ದುರುಗಮ್ಮನ ಕಾಟಾ. ಅಮಾವಾಸ್ಯೆಗೆ ಎತ್ತು ಹೂಡದ ಮನೆ ಅದು, ಕಾಟಾಕ್ಕೂ ಅದೇ ನೇಮ. ಮಗ ಕನಕರಾಜ ಕದ್ದು ತೂಗುತ್ತಾನೆಂದು ಆಕೆಯೂ ಮಿಷಿನ್ನಿಗೇ ಬೀಗ ಹಾಕಿಸಿದ್ದಳು. ಈ ಎರಡು ನೇಮಗಳು ಇಷ್ಟು ವರ್ಷ ತಮ್ಮ ತಮ್ಮ ಊರಿನಲ್ಲಿ ಸುಖವಾಗಿದ್ದವು. ಬಿಸ್ಮಿಲ್ಲಾ ಸಾಲುಗಳ ಪಕ್ಕದಲ್ಲೇ ಇದ್ದುದರಿಂದ, ಹೊರಡುವ ವಾರ ಸರ್ ಅವನ್ನೂ ಎತ್ತಿ ಒಂದೇ ಫೈಲಿಗೆ ಹಾಕಿದರು.

ಹೊರಡಲು ಎರಡು ದಿನ ಇತ್ತು. ಶುಕ್ರವಾರ. ಸರ್ ಜುಮ್ಮಾ ನಮಾಜಿಗೆ ಹೋಗಿದ್ದಾಗ ಫೋನ್ ಬಂತು.

"ಲಲಿತವ್ವ, ನಾ ಮಸರಕಲ್ ದುರುಗಮ್ಮ. ಆರಾಮ ಅದೀಯೇನವಾ? ಒಂದು ಕೇಳೂದಿತ್ತು. ನಮ್ಮ ಕಾಟಾ ನಮಾಜಿಗೆ ಕುಂತದ. ಎಷ್ಟೊತ್ತು ಮಾಡ್ತದ?"

"ಏನಂದ್ರಿ ಯವ್ವಾ?"

"ಪರದೆ ಮ್ಯಾಲೆ ಬರದದ ನೋಡು, ಶುಕ್ರವಾರದ ನಮಾಜ್, ಒಂದು ತಾಸು ಕಾಟಾ ಬಂದ್ ಅಂತ. ಹತ್ತಿ ಟ್ರ್ಯಾಕ್ಟರು ಸಾಲು ಹಚ್ಚಿ ನಿಂತಾವ. ನಡುವ ಎಬ್ಬಿಸಬಾರದು ಅಂತ ನಾ ಸುಮ್ನ ಅದೀನಿ. ನಮ್ಮ ಕನಕರಾಜ ಬಿದ್ದು ಬಿದ್ದು ನಗಾಕತ್ತಾನ."

ಇನ್ನು ಸ್ವಲ್ಪ ಹೊತ್ತಿಗೆ ಮುಗಿಸುತ್ತದೆ ಎಂದು ಹೇಳಿ ಫೋನಿಟ್ಟೆ. ನನಗೂ ನಗು ಬಂತು, ಆಮೇಲೆ ಗೋಡೆಯ ಕ್ಯಾಲೆಂಡರಿನ ಕಡೆ ಕಣ್ಣು ಹೋಯಿತು. ನಿನ್ನೆ ಗುರುವಾರ ಅಮಾವಾಸ್ಯೆ.

ಸರ್ ತಲೆಯ ಟೋಪಿ ತೆಗೆಯುವ ಮೊದಲೇ ವಿಷಯ ಹೇಳಿದೆ. ಅವರು ನಿಂತಲ್ಲೇ ಮಾನ್ವಿಯ ಸತ್ತಾರ್ ಸಾಬ್ ಅವರಿಗೆ ಫೋನ್ ಹಚ್ಚಿ, ನನಗೂ ಕೇಳಲೆಂದು ಸ್ಪೀಕರಿಗೆ ಹಾಕಿದರು.

"ಚಾಚಾ, ಲಲಿತಾನೂ ಕೇಳಾಕತ್ತಾಳ. ನಿಮ್ಮ ಕಾಟಾ ಬರೋಬ್ಬರಿ ಅದ ಇಲ್ಲ?"

"ಇವತ್ತು ಬರೋಬ್ಬರಿ ಅದ ಬೇಟಾ. ನಿನ್ನಿ ದಿನಪೂರ್ತಿ ಬಂದ್ ಇತ್ತು. ಇಂದು ಅಮಾಸಿ, ಕಾಟಾಕ್ಕ ಸೂಟಿ ಅಂತ ಬರದಿತ್ತು."

"ಮತ್ತ ಫೋನ್ ಯಾಕ ಮಾಡ್ಲಿಲ್ಲ?"

"ನೀ ಬರದದ್ದು ಅಂದ್ರ ಏನರ ಅರ್ಥ ಇರ್ತದ ಅಂದ್ಕೊಂಡೆ. ಭತ್ತದ ಮಂದಿಗೆ ತೋರಿಸ್ದೆ, ಅವರೂ ಹೌದ್ರಿ ಅಮಾಸಿ ಅದ ಅಂದ್ರು. ಎಲ್ಲಾರೂ ಮನಿಗಿ ಹೋದ್ವಿ. ಮಧ್ಯಾಹ್ನ ಮಲಗಿ ಎಷ್ಟು ವರ್ಷ ಆಗಿತ್ತು, ಭಾಳ ಚಲೋ ನಿದ್ದಿ ಬಂತು."

ಅವರ ದನಿಯಲ್ಲಿ ದೂರಿನ ಸುಳಿವೂ ಇರಲಿಲ್ಲ. ಆದರೆ ಸರ್ ಮುಖ ಸುಣ್ಣವಾಗಿತ್ತು. ಕುರ್ಚಿಯಲ್ಲಿ ಕುಳಿತು ಆ ಫೈಲು ತೆರೆದು ಎರಡೂ ಸೂಟಿ ಸಾಲುಗಳನ್ನು ಓದಿದರು. ಆಮೇಲೆ ಹೇಳಿದರು, "ಟಿಕೆಟ್ ವಾಪಸ್ ಮಾಡ್ತೀನಿ. ಎಲ್ಲಾ ಮೊದಲಿನಂಗ ಬ್ಯಾರೆ ಬ್ಯಾರೆ ಬರೀತೀನಿ. ನಾ ಹೇಳಿದ್ದಿಲ್ಲೇನು, ಅವರವರ ಬಿಸ್ಮಿಲ್ಲಾ ಅವರೇ ಹೇಳ್ಬೇಕಂತ?"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಪ್ಪು ಒಂದು ಕಿರುಬೆರಳಿನಷ್ಟು, ಇವರಿಗೆ ಇಡೀ ಕೈ ಕತ್ತರಿಸುವ ಆತುರ. ಆದರೆ ಜಗಳಕ್ಕೆ ನಿಲ್ಲದೆ ಅವರು ಮೆಟ್ಟಿಲಿಳಿದು ಮನೆಗೆ ಹೊರಟರು. ಲ್ಯಾಪ್‌ಟಾಪ್ ಎತ್ತಿಕೊಂಡು ನಾನೂ ಹಿಂದೆ ಹೊರಟೆ.

ಅರಬ್ ಮೊಹಲ್ಲಾದ ಅವರ ಮನೆಯಲ್ಲಿ ವಾಹಿದಾ ಬ್ಯಾಗು ತುಂಬುತ್ತಿದ್ದಳು. ಸುಗ್ರಾ ಬೇಗಂ ಮಂಚದ ಮೇಲೆ, ಕಾಲಲ್ಲಿ ಹೊಸ ಚಪ್ಪಲಿ. ಅಲ್ಲಿ ಹೋದಾಗ ಕಚ್ಚಬಾರದೆಂದು ಕೆಲವು ದಿನಗಳಿಂದ ಅದನ್ನು ಮನೆಯೊಳಗೇ ಹಾಕಿಕೊಂಡು ಓಡಾಡಿ ಮೆತ್ತಗೆ ಮಾಡುತ್ತಿದ್ದರಂತೆ. ಸರ್ ಆ ಚಪ್ಪಲಿಯತ್ತ ನೋಡದೆ, ಗೋಡೆ ನೋಡುತ್ತಾ ಎಲ್ಲ ಹೇಳಿದರು. ಮಸರಕಲ್ಲಿನ ನಮಾಜು, ಮಾನ್ವಿಯ ಅಮಾವಾಸ್ಯೆ, ಟಿಕೆಟ್ ವಾಪಸ್.

ಅಮ್ಮ ಕೇಳಿದರು, "ಖಾರದ ಡಬ್ಬ್ಯಾಗ ಹುಣಸಿಹಣ್ಣು ಯಾಕ ಹಾಕ್ದಿ?"

"ಅಮ್ಮೀ?"

"ಖಾರ ಎಲ್ಲಾದಕ್ಕೂ ಬೇಕು, ಡಬ್ಬ್ಯಾಗ ಇರ್ತದ. ಹುಳಿ ಯಾವುದಕ್ಕ ಬೇಕೋ ಆ ಗಡಗಿಗಿ ಹಾಕ್ತೀವಿ. ಹುಳಿ ಹೆಚ್ಚಾತಂತ ಯಾರರ ಖಾರದ ಡಬ್ಬಿ ಚೆಲ್ಲತಾರೇನು?"

ನಾನು ಅಲ್ಲೇ ಚಾಪೆಯ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದೆ. "ಸರ್, ಸೂಟಿ ಸಾಲು ಎರಡೂ ಇದರಿಂದ ತಗದು ಅವರವರ ಊರಿನ ಪ್ರೋಗ್ರಾಮಿಗೆ ಹಾಕ್ತೀನಿ. ನೀವು ನೋಡ್ಕೋತ ಕುಂದರ್ರಿ. ಕೈ ಹಚ್ಚಬ್ಯಾಡ್ರಿ."

ಅವರು ಕುಳಿತರು. ಕೈ ತಡೆಯಲಾರದೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡರು. ನಾನು ಎತ್ತಿದೆ, ಇಟ್ಟೆ, ಒಂದು ಕಡೆ ಅಲ್ಪವಿರಾಮ ಬಿಟ್ಟೆ. ಅವರ ಗಂಟಲಿನಲ್ಲಿ ಏನೋ ಸಪ್ಪಳವಾಯಿತು; ನೋಡಿ ಸರಿಮಾಡಿದೆ. ಮಸರಕಲ್ಲಿಗೆ ಫೋನ್ ಮಾಡಿ ಕಂಪ್ಯೂಟರು ಆರಿಸಿ ಹಚ್ಚಲು ಹೇಳಿದೆ. ಕಾಟಾ ಎದ್ದಿದೆ, ಗಾಡಿಗಳು ಹತ್ತುತ್ತಿವೆ ಎಂದು ಕನಕರಾಜ ಹೇಳಿದ. ಮಾನ್ವಿಯಲ್ಲೂ, ಉಳಿದ ಊರುಗಳಲ್ಲೂ ಹಾಗೇ ಮಾಡಿಸಿದೆ. ಚಹಾ ಆರುವ ಮೊದಲೇ ಕೆಲಸ ಮುಗಿದಿತ್ತು.

ಸರ್ ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರು ತಲೆ ತಗ್ಗಿಸಿ ಮೆಲ್ಲಗೆ ಅಂದರು, "ಇಷ್ಟು ಸಸಾರ ಆಗಿಬಿಟ್ರ ಇನ್ನ ನಾ ಯಾಕ ಬೇಕು ಲಲಿತಾ?"

ಆಗ ನನಗೆ ತಿಳಿಯಿತು. ಇಷ್ಟು ವರ್ಷ ಕೈಯಾರೆ ಟೈಪ್ ಮಾಡಿದ್ದು ಹಟಕ್ಕಲ್ಲ, ಹೆದರಿಕೆಗೆ. ಊರೂರಿನ ಕಾಟಾಗಳು ತನ್ನನ್ನು ಕರೆಯದೇ ಹೋದರೆ ತಾನು ಯಾರು ಎಂಬ ಹೆದರಿಕೆ. ಉತ್ತರ ಕೊಟ್ಟಿದ್ದು ಅಮ್ಮ, ಚಪ್ಪಲಿ ಬಿಚ್ಚುತ್ತಾ.

"ಆಫೀಸಿಗೆ ನೀ ಬ್ಯಾಡಾದ್ರ ಚಲೋನೇ ಆತು. ನನಗ ಬೇಕಾಗಿ ಭಾಳ ದಿನ ಆತು ಬೇಟಾ."

ಭಾನುವಾರ ತಾಯಿ ಮಗ ಹೊರಟರು. ವಾಹಿದಾ ಬಾಗಿಲಲ್ಲಿ ನಿಂತು ಅತ್ತಳು, ನಾನು ಅಳಲಿಲ್ಲ. ಸರ್ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ ಪಾಸ್‌ವರ್ಡ್ ಕೂಗಿ ಹೇಳುತ್ತಿದ್ದಾಗ ಅಳುವುದು ಹೇಗೆ? ಓಣಿಗೆಲ್ಲ ಕೇಳಿಸಿತು. ಮರುದಿನವೇ ಬದಲಿಸಿದೆ.

ಮೊದಮೊದಲು ಅಲ್ಲಿಂದ ದಿನಾ ಫೋನ್ ಬರುತ್ತಿತ್ತು. "ಏನರ ಆತೇನು?" ಇಲ್ಲ ಸರ್. "ಬಾಗಲವಾಡ?" ಆರಾಮ ಅದ ಸರ್. ನಡುವೆ ಒಂದು ಸಲ ಚೀಟಿಯ ಕಾಗದದ ಅಳತೆ ಬದಲಾಗಿ ಎಲ್ಲ ಕಡೆ ಅಕ್ಷರ ಅರ್ಧಕ್ಕೆ ಕತ್ತರಿಸಿ ಬಂದವು. ಬಿಸ್ಮಿಲ್ಲಾದಲ್ಲಿ ಒಂದು ಸಾಲು ತಿದ್ದಿದೆ, ಎಲ್ಲ ಕಡೆ ಸರಿಹೋಯಿತು. ಸ್ಕೂಟರು ಕೆಳಗೆ ಧೂಳು ತಿನ್ನುತ್ತಾ ನಿಂತೇ ಇತ್ತು. ಇದನ್ನು ನಾನು ಅವರಿಗೆ ಹೇಳಲಿಲ್ಲ, ಹೇಳಿದರೆ ಅಲ್ಲಿಂದಲೇ ತಿದ್ದಲು ಕೂರುತ್ತಾರೆ. ಆಮೇಲೆ ಫೋನುಗಳು ಕಡಿಮೆಯಾದವು. ಕೊನೆ ಕೊನೆಗೆ ನಿಂತೇಹೋದವು.

ವಾಪಸ್ ಬಂದ ಮೇಲೆ ಸರ್ ಆಫೀಸಿಗೆ ಬಂದು ಕ್ಯಾಲೆಂಡರ್ ಸರಿಪಡಿಸಿದರು, ಕೂಲರಿಗೆ ನೀರು ಹಾಕಿದರು. ನವೆಂಬರ್ ಮುಗಿದು ಚಳಿ ಬಿದ್ದಿತ್ತು, ಕೂಲರು ಬೇಕಾಗಿರಲಿಲ್ಲ. ಕೊನೆಗೆ ತಡೆಯಲಾರದೆ ಕೇಳಿದರು, "ಯಾರೂ ನನ್ನ ಕೇಳಲೇ ಇಲ್ಲೇನು?"

"ದುರುಗಮ್ಮ ಕೇಳ್ಯಾಳ್ರಿ" ಎಂದೆ. "ಆ ಶುಕ್ರವಾರದ ಒಂದು ತಾಸು ತಿರುಗಿ ಹಾಕಿ ಕೊಡಬೇಕಂತ. ಗಾಡಿ ಮಂದಿ ಅವತ್ತು ಎಲ್ಲಾರೂ ಕೂಡಿ ಬುತ್ತಿ ಬಿಚ್ಚಿ ಉಂಡ್ರಂತ. ದಿನಾ ಹಸಿದು ಕ್ಯೂನಾಗ ನಿಲ್ಲೂ ಮಂದಿ. ನೀವೇ ಬರೀಬೇಕಂತ ಇಟ್ಟೀನಿ."

ಸರ್ ಕನ್ನಡಕ ಹಣೆಗೇರಿಸಿದರು. ಹುಡುಕಿ ಮತ್ತೆ ಹಾಕಿಕೊಂಡು ಬರೆಯಲು ಕುಳಿತರು. ಈ ಸಲ ಮಸರಕಲ್ಲಿನ ಪ್ರೋಗ್ರಾಮಿನಲ್ಲೇ ಬರೆದರು. ನಾನು ಹಿಂದೆ ನಿಂತು ನೋಡಿದೆ.

ಅವತ್ತು ಸಂಜೆ ಅಮ್ಮನನ್ನು ನೋಡಲು ಹೋದೆ. ಖರ್ಜೂರ ಕೊಟ್ಟರು, ಸಣ್ಣ ಲೋಟದಲ್ಲಿ ಮಕ್ಕಾದ ಝಮ್‌ಝಮ್ ನೀರು ಕೊಟ್ಟರು. ಹೊಸ ಚಪ್ಪಲಿ ಮೂಲೆಯಲ್ಲಿತ್ತು, ಸವೆದೇ ಇರಲಿಲ್ಲ. ಅಲ್ಲಿ ಹೆಚ್ಚು ನಡೆಯಲಾಗದೆ, ಮಗನೇ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಸುತ್ತಿಸಿದನಂತೆ.

"ಅಲ್ಲಿ ಏನು ಬೇಡಿಕೊಂಡ್ರಿ ಅಮ್ಮಾ?" ಎಂದು ಕೇಳಿದೆ.

"ಮೊದಲನೇ ದಿನ ಬೇಡಿದೆ. ಯಾ ಅಲ್ಲಾ, ರಾಯಚೂರಿನಾಗ ಆ ಒಂದು ಫೈಲ್ ಅದ ನೋಡು, ನನ್ನ ಮಗನ್ದು. ಅದು ಕೆಡದಂಗ ನೋಡ್ಕೋ ಅಂದೆ."

"ಆಮ್ಯಾಲೆ?"

"ಆಮ್ಯಾಲೆ ಏನು ಬೇಡ್ಲಿ ಬೇಟಿ? ಕಾಟಾದವರ ಫೋನ್ ಬರಲೇ ಇಲ್ಲ. ಮಗ ಬಾಜೂಕ ಇದ್ದ. ನಾ ಮಾತಾಡಿದ್ರ ಹೂಂ ಅಂತ ಪರದೆ ನೋಡದ, ನನ್ನ ಮಾರಿ ನೋಡಿ ಮಾತಾಡಿದ."

ಬಾಗಿಲಲ್ಲಿ ಸರ್ ನಿಂತಿದ್ದರು, ಯಾವಾಗ ಬಂದರೋ. ಕಿವಿ ಕೆಂಪಾಗಿದ್ದವು. ನಾನು ಇನ್ನೊಂದು ಖರ್ಜೂರ ಬಾಯಿಗೆ ಹಾಕಿಕೊಂಡೆ, ಇಲ್ಲದಿದ್ದರೆ ಅತ್ತುಬಿಡುತ್ತಿದ್ದೆ.